ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕುಡುಕನಾದೆ

2002ನೇ ಇಸವಿಯ ಫೆಬ್ರವರಿ ತಿಂಗಳು. ನಾನಾಗ ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರ. ಮನೆ ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ. ದಿನಾ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ ಹಿಡಿದು ಹೋಗುವುದು, ಸಂಜೆ ಮರಳುವುದು. ವಯಸ್ಸು ನಲವತ್ತೊಂಬತ್ತು. ಒಂದು ವರ್ಷದ ಹಿಂದೆ ಬಿ.ಪಿ. ಇದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಎರಡು ತಿಂಗಳು ನುಂಗಿದೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಆರಾಮಾಗಿಯೇ ಇದ್ದೇನಲ್ಲ ಎಂದು ನಾನೇ ಬಿಟ್ಟುಬಿಟ್ಟೆ. ಹೆಂಡತಿ ಸುಧಾ ಕೇಳಿದರೆ "ತಗೊಂಡೀನಿ" ಎಂದು ಸುಳ್ಳು ಹೇಳುತ್ತಿದ್ದೆ.

ಅವತ್ತು ಶನಿವಾರ, ಅರ್ಧ ದಿನದ ಶಾಲೆ. ಏಕಾದಶಿಯೂ ಆಗಿದ್ದರಿಂದ ನನ್ನ ಉಪವಾಸ. ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿ ಬೇವಿನ ಮರದ ಕೆಳಗೆ ಒಬ್ಬ ಹೆಣ್ಣುಮಗಳು ಬುಟ್ಟಿ ಇಟ್ಟುಕೊಂಡು ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಉಪವಾಸದ ದಿನ ನಾನು ಅವಳ ಹತ್ತಿರವೇ ಹಣ್ಣು ಕೊಳ್ಳುವುದು. ನಾಲ್ಕು ವರ್ಷದ ಗುರುತು. ಆದರೆ ಅವಳ ಹೆಸರೇನೆಂದು ಒಂದು ದಿನವೂ ಕೇಳಿದವನಲ್ಲ.

ಅವಳು ಕೊಟ್ಟ ಹಣ್ಣನ್ನು ಬಲಗೈಯಲ್ಲಿ ಹಿಡಿದೆ. ಹಿಡಿದೆ ಎಂದೇ ತಿಳಿದಿದ್ದೆ. ನೋಡಿದರೆ ಹಣ್ಣು ನೆಲದ ಮೇಲಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಮುಚ್ಚಲೇ ಇಲ್ಲ. "ಯಾಕೋ ಕೈ ಜೋಮು ಹಿಡಿದದ" ಎಂದು ಹೇಳಬೇಕೆಂದುಕೊಂಡೆ. ಮನಸ್ಸಿನಲ್ಲಿ ಮಾತು ಸರಿಯಾಗಿಯೇ ಇತ್ತು. ಬಾಯಿಂದ ಬಂದದ್ದು ಮಾತ್ರ ತೊದಲು, ನನಗೇ ಅರ್ಥವಾಗದ ಏನೋ ಒಂದು. ಬಲಗಾಲು ಸೋತಂತಾಗಿ ಚಹಾದ ಅಂಗಡಿಯ ಬೆಂಚಿಗೆ ತಾಗಿ ಅಲ್ಲೇ ಕುಸಿದು ಕೂತೆ.

ಮೊದಲು ಒಬ್ಬ ನಕ್ಕ. ಆಮೇಲೆ ನಾಲ್ಕೈದು ಜನ ಸುತ್ತ ನಿಂತರು.

"ಮಾಸ್ತರ ಇವತ್ತ ಜೋರ್ ಹಾಕ್ಯಾರ ನೋಡ್ರಿ" ಎಂದ ಒಬ್ಬ.

"ಹಣಿ ಮ್ಯಾಲ ಗೋಪಿಚಂದನ ಬ್ಯಾರೆ" ಎಂದ ಇನ್ನೊಬ್ಬ.

ನಕ್ಕವರಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆಯೂ ಇದ್ದ. ನನಗೆ ಎಲ್ಲವೂ ಕೇಳುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು. ಜೀವನದಲ್ಲಿ ಹೆಂಡದ ವಾಸನೆಯನ್ನೂ ಹತ್ತಿರದಿಂದ ನೋಡದ ನಾನು "ಕುಡಿದಿಲ್ಲ" ಎನ್ನಲು ಹೋದೆ. ಅದೂ ತೊದಲಿ ಬಂತು. ಮತ್ತಷ್ಟು ನಕ್ಕರು. ಆ ನಾಚಿಕೆಗಿಂತ ಭೂಮಿ ಬಾಯಿ ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಚಹಾ ಅಂಗಡಿಯವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಒಂದು ಗ್ಲಾಸ್ ಮಜ್ಜಿಗೆ ತಂದ. "ಕುಡೀರಿ ಮಾಸ್ತರ, ಇಳೀತದ" ಎಂದು ಬಾಯಿಯ ಹತ್ತಿರ ಹಿಡಿದ. ಅಷ್ಟರಲ್ಲಿ ಆ ಬಾಳೆಹಣ್ಣಿನ ಹೆಣ್ಣುಮಗಳು ಜನರನ್ನು ಸರಿಸಿಕೊಂಡು ಬಂದು ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಏನೂ ಕುಡಸಬ್ಯಾಡ್ರಿ! ನೀರ್ ಸುದ್ದಾ ಬ್ಯಾಡ. ಗಂಟಲಾಗ ಸಿಗ್ತದ."

ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತು ಮುಖ ದಿಟ್ಟಿಸಿದಳು. "ಮಾಸ್ತರ್ರಿ, ನನ್ನ ಮಾತು ಕೇಳಿಸ್ತದಲ್ರಿ? ಒಂದ್ ಸಲ ನಗ್ರಿ." ನಗುವ ಹೊತ್ತೇ ಅದು? ಆದರೂ ಪ್ರಯತ್ನಿಸಿದೆ. "ಎರಡೂ ಕೈ ಮುಂದ ಎತ್ರಿ." ಎತ್ತಿದೆ. ಎಡಗೈ ನಿಂತಿತು. ಬಲಗೈ ಮೇಲೆ ಏಳುವಷ್ಟರಲ್ಲಿ ಜಾರಿ ತೊಡೆಯ ಮೇಲೆ ಬಿತ್ತು.

ಅವಳು ಎದ್ದು ನಿಂತು ಸುತ್ತಲಿದ್ದವರಿಗೆ ಹೇಳಿದಳು. "ಯಾರ್ ನಗಾಕತ್ತೀರಿ? ಇದು ಕುಡದದ್ದಲ್ಲ. ಬಾಯಿ ನೋಡ್ರಿ, ಒಂದ್ ಕಡಿ ಜಗ್ಗೇದ. ಲಕ್ವಾ ಹೊಡ್ಯಾಕತ್ತದ."

ಲಕ್ವಾ, ಅಂದರೆ ಪಾರ್ಶ್ವವಾಯು, ಎಂದ ಕೂಡಲೇ ನಗು ನಿಂತಿತು. ಒಬ್ಬ ಹಿರಿಯರು ಪಾರಿವಾಳದ ರಕ್ತ ಹಚ್ಚಿ ತಿಕ್ಕಬೇಕು ಎಂದರು. ಇನ್ನೊಬ್ಬರು ಯಾವುದೋ ಹಳ್ಳಿಯಲ್ಲಿ ಅದಕ್ಕೆ ಬೇರಿನ ಔಷಧ ಕೊಡುತ್ತಾರೆ, ಭಾನುವಾರ ಮಾತ್ರ ಎಂದರು. "ಮದ್ಲ ದವಾಖಾನಿ. ಉಳದದ್ದೆಲ್ಲಾ ಆಮ್ಯಾಲ" ಎಂದು ಅವಳು ಮಾತು ಮುಗಿಸಿದಳು.

ಆಶ್ಚರ್ಯವೆಂದರೆ, ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ತಾನಾಗಿಯೇ ಸರಿಹೋಯಿತು. ಬೆರಳು ಮಡಚಿದವು. ಮಾತು ಮರಳಿತು. ನಾನು ಎದ್ದು ಧೋತರ ಕೊಡವಿಕೊಂಡು, "ಏನಿಲ್ಲ ತಂಗಿ, ಉಪಾಸ ಇದ್ದೆ, ಬಿಸಿಲು ನೋಡು, ಪಿತ್ತ ಆಗಿರಬೇಕು. ಮನಿಗೆ ಹೋಗಿ ಮಲಗ್ತೀನಿ" ಎಂದೆ. ನಿಜ ಹೇಳಬೇಕೆಂದರೆ ಆ ಜನರ ಕಣ್ಣಿನಿಂದ ಮರೆಯಾದರೆ ಸಾಕಾಗಿತ್ತು.

"ಪಿತ್ತ ಅಲ್ರಿ. ಹೋಗ್ಯಾದ ಅಂತ ಬಿಡಬ್ಯಾಡ್ರಿ. ಇದು ಹೇಳಿ ಹೋಗ್ಯಾದ, ಮತ್ತ ಬರ್ತದ."

"ನಿನಗ್ಹ್ಯಾಂಗ ಗೊತ್ತು?"

"ನಮ್ಮ ಮನ್ಯಾಗ ನೋಡೀನ್ರಿ" ಎಂದಷ್ಟೇ ಹೇಳಿದಳು. ಪಕ್ಕದಲ್ಲಿ ಶೇಂಗಾ ಮಾರುವ ಮುದುಕಿಗೆ ತನ್ನ ಬುಟ್ಟಿ ನೋಡಿಕೊಳ್ಳಲು ಹೇಳಿ, ಬಂದ ಬಸ್ಸಿಗೆ ನನ್ನನ್ನು ಹತ್ತಿಸಿ ತಾನೂ ಹತ್ತಿದಳು.

ಒಂದು ಗಂಟೆಯ ದಾರಿ. ಅವಳು ಆಗಾಗ "ಕೈ ಎತ್ರಿ" ಎನ್ನುವಳು, ನಾನು ಎತ್ತುವೆ. ಮುಂದಿನ ಸೀಟಿನವರು ತಿರುಗಿ ನೋಡುವರು. ನಾನು ನಾಚಿ ಕಿಟಕಿಯ ಕಡೆ ಮುಖ ಮಾಡುವೆ. ಕಲಬುರಗಿಯಲ್ಲಿ ಇಳಿದಾಗ ಕೊನೆಯ ಪ್ರಯತ್ನ ಮಾಡಿದೆ. "ಮನಿ ಇಲ್ಲೇ ಅದ. ಹೇಳಿ ಹೋಗೋಣು, ಗಾಬರಿ ಆಗ್ತಾರ."

"ಮನಿಗೆ ಹೋದ್ರ ಮಲ್ಕೋರಿ ಅಂತಾರ್ರಿ. ಮದ್ಲ ಡಾಕ್ಟರ್ ನೋಡ್ಲಿ" ಎಂದು ಆಟೋ ಕರೆದಳು.

ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ಡಾಕ್ಟರು ಎರಡನೇ ಸಲ ಪಟ್ಟಿ ಸುತ್ತಿ ನೋಡಿದರು. ನಡೆದದ್ದನ್ನು ಕೇಳಿಕೊಂಡು, "ಮಾತ್ರೆ ಯಾವಾಗ ಬಿಟ್ರಿ?" ಎಂದರು. ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ಅವರು ನನ್ನನ್ನು ಮನೆಗೆ ಕಳಿಸಲಿಲ್ಲ. ಮಿದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿದಿದೆ, ಇದು ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆ ಇರಬಹುದು ಎಂದು ತಿಳಿಸಿ, ತಲೆಯ ಸ್ಕ್ಯಾನ್ ಮಾಡಿಸಿ ಚಿಕಿತ್ಸೆ ಶುರು ಮಾಡಿದರು. ಫೋನ್ ಮಾಡಿ ಸುಧಾಳನ್ನು ಕರೆಸಿಕೊಂಡೆ. ಅವಳು ಬಂದ ಗದ್ದಲದಲ್ಲಿ ಆ ಹೆಣ್ಣುಮಗಳು ಯಾವಾಗ ಹೊರಟುಹೋದಳೋ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಬಿತ್ತು. ಈ ಸಲ ಕೈ ಹದಿನೈದು ನಿಮಿಷದಲ್ಲಿ ಮರಳಲಿಲ್ಲ. ಆದರೆ ನಾನು ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ನರ್ಸ್ ಓಡಿ ಬಂದರು, ಡಾಕ್ಟರು ಬಂದರು. ಹನ್ನೆರಡು ದಿನ ಅಲ್ಲಿದ್ದೆ. ಮೂರು ತಿಂಗಳು ರಬ್ಬರ್ ಚೆಂಡು ಹಿಚುಕಿದೆ, ಸಣ್ಣ ಹುಡುಗರಂತೆ ಸ್ಲೇಟಿನ ಮೇಲೆ ಅಂಕಿ ತಿದ್ದಿದೆ. ಕೈ ಬಹುಪಾಲು ಮರಳಿತು. ಮನೆಗೆ ಕಳಿಸುವಾಗ ಡಾಕ್ಟರು, "ಔಷಧ ಶುರುವಾದ ಮ್ಯಾಲ ಲಕ್ವಾ ಹೊಡೀತು, ಇಲ್ಲೇ ಇದ್ದಾಗ ಹೊಡೀತು. ಅದಕ್ಕ ಇಷ್ಟರಾಗ ಪಾರಾದ್ರಿ" ಎಂದರು. ಸುಧಾ ಮನೆಯ ಬಾಗಿಲಲ್ಲಿ ನಿಂತು ಹೇಳಿದಳು. "ನಾ ಆಗಿದ್ರ ಉಪಾಸದ ಸಂಕಟ ಅಂತ ನಿಂಬು ಶರಬತ್ ಕುಡಿಸಿ ಮಲಗಿಸ್ತಿದ್ದೆ ನೋಡ್ರಿ." ಅವಳ ಕಣ್ಣಲ್ಲಿ ನೀರಿತ್ತು.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಸುಧಾಳನ್ನೂ ಕರೆದುಕೊಂಡು ಹೋದೆ. ಬೇವಿನ ಮರದ ಕೆಳಗೆ ಆ ಹೆಣ್ಣುಮಗಳು ಕೂತಿದ್ದಳು. ನಾನು ಮೊದಲು ಕೇಳಿದ್ದು ಹೆಸರು.

"ಶರಣಮ್ಮ ರೀ" ಎಂದು ನಕ್ಕಳು.

ಸುಧಾ ಅವಳಿಗೆ ಸೀರೆ, ಕುಪ್ಪಸದ ಬಟ್ಟೆ ಕೊಟ್ಟು ಕುಂಕುಮ ಹಚ್ಚಲು ಹೋದಳು. ಶರಣಮ್ಮ ಒಂದು ಹೆಜ್ಜೆ ಹಿಂದೆ ಸರಿದು, "ನನಗ ಹಚ್ಚೂದಿಲ್ರಿ ಅಕ್ಕೋರ" ಎಂದಳು. ಸುಧಾ ಕೈ ತಡೆಯಲಿಲ್ಲ, ಹಚ್ಚಿಯೇಬಿಟ್ಟಳು. ಆಗ ಶರಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ಸಿನಲ್ಲಿ ಹೇಳದೆ ಉಳಿಸಿದ್ದನ್ನು ಹೇಳಿದಳು.

"ನನ್ನ ಗಂಡ ಕುಡೀತಿದ್ದರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಅವತ್ತ ಮುಂಜಾನಿ ಕುಡದಿದ್ದಿಲ್ಲ. ಬಾಳಿ ತೋಟಕ್ಕ ಕೂಲಿಗಿ ಹೋಗ್ಯಾನ, ಅಲ್ಲೇ ತೊದಲಿ ಬಿದ್ದಾನ. ಕುಡದಾನ ಅಂತ ಎಲ್ಲರೂ ನಕ್ಕು ಗಿಡದ ಬುಡಕ ಮಲಗಿಸ್ಯಾರ. ನಿಶಾ ಇಳೀಲಿ ಅಂತ ಮಜ್ಜಿಗಿ ಹೊಯ್ದಾರ. ಸಂಜಿಗಿ ನನಗ ಗೊತ್ತಾತು. ನಾನೂ ಬೈದೇನ್ರಿ ಅವಗ, ಮತ್ತ ಕುಡದಿ ಏನಂತ. ಕಲಬುರ್ಗಿ ದವಾಖಾನಿಗಿ ಒಯ್ಯೂದರಾಗ ಹೊತ್ತಾಗಿತ್ತು. ಮಜ್ಜಿಗಿ ಉಸಿರಿನ ದಾರ್ಯಾಗ ಹೋಗಿ ಎದಿಯಾಗ ಇಳದಿತ್ತು. ಕೈ ಎತ್ತು, ನಗು ಅಂತ ಡಾಕ್ಟರ್ ನೋಡ್ತಿದ್ರು, ನಾ ಬಾಜೂಕ ನಿಂತಿದ್ದೆ. ಐದನೇ ದಿನ ಹೋದ."

ನಾನು, "ಶರಣಮ್ಮ, ನಿನಗ ನಾ ಏನು ಮಾಡ್ಲಿ?" ಎಂದೆ.

"ನನಗೇನೂ ಬ್ಯಾಡ್ರಿ. ನೀವು ಮಾಸ್ತರ ಇದ್ದೀರಿ, ಮಂದಿ ನಿಮ್ಮ ಮಾತು ಕೇಳ್ತಾರ. ಅವತ್ತ ಅಂವ ಕುಡದಿದ್ದಿಲ್ಲ ಅಂತ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ."

ಆ ತಿಂಗಳ ಪಾಲಕರ ಸಭೆಯಲ್ಲಿ ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ಮಾತಾಡಿದೆ. ಬಾಯಿ ಸೊಟ್ಟಗಾದರೆ, ಕೈ ಜಾರಿದರೆ, ಮಾತು ತೊದಲಿದರೆ ಮಲಗಿಸಬೇಡಿ, ಬಾಯಿಗೆ ಏನೂ ಹಾಕಬೇಡಿ, ತಾನಾಗಿ ಸರಿಹೋದರೂ ಆಸ್ಪತ್ರೆಗೆ ಒಯ್ಯಿರಿ ಎಂದೆ. ಬಿ.ಪಿ. ಮಾತ್ರೆ ಬಿಟ್ಟ ನನ್ನ ದಡ್ಡತನವನ್ನೂ ಮುಚ್ಚಿಡಲಿಲ್ಲ. ಆಮೇಲೆ ಶರಣಮ್ಮನ ಗಂಡನ ಹೆಸರು ಹೇಳಿ, ಅವತ್ತು ಆತ ಕುಡಿದಿರಲಿಲ್ಲ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿ ನಕ್ಕಿದ್ದ ಆ ತಂದೆ ತಲೆ ತಗ್ಗಿಸಿ ಕೂತಿದ್ದ. ಬಾಗಿಲ ಹತ್ತಿರ ಶರಣಮ್ಮ ನಿಂತಿದ್ದಳು. ಜನ ಒಬ್ಬೊಬ್ಬರಾಗಿ ತಿರುಗಿ ಅವಳನ್ನು ನೋಡಿದರು. ಅವಳು ಮುಖ ಮರೆಸಿಕೊಳ್ಳಲಿಲ್ಲ.

ಅಂದಿನಿಂದ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಆದರೆ ನನ್ನನ್ನು ಇಂದಿಗೂ ಕಾಡುವುದು ಕಾಯಿಲೆಯಲ್ಲ. ನಾನು ಜನರ ಕಣ್ಣಲ್ಲಿ ಕುಡುಕನಾಗಿದ್ದುದು ಹತ್ತೇ ನಿಮಿಷ, ಅಷ್ಟಕ್ಕೇ ಸತ್ತುಹೋಗಬೇಕು ಅನ್ನಿಸಿತ್ತು. ಶರಣಮ್ಮನ ಗಂಡ ಅದೇ ಹೆಸರು ಹೊತ್ತು ಮಲಗಿದ್ದ, ಎಲ್ಲವನ್ನೂ ಕೇಳಿಸಿಕೊಳ್ಳುತ್ತ, ಹೆಂಡತಿಯ ಬೈಗುಳವನ್ನೂ. ಅವನೂ ನನ್ನಂತೆಯೇ "ಕುಡಿದಿಲ್ಲ" ಎಂದು ಹೇಳಲು ಎಷ್ಟು ಸಲ ಬಾಯಿ ತೆರೆದಿದ್ದನೋ.