ಮುಚ್ಚಳ ಎತ್ತದ ಎರಡು ದಿನ

ನಮ್ಮ ಮನೆ ಇರುವುದು ಕಂಪಲಾಪುರದ ಹತ್ತಿರ. ಹಿತ್ತಲಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇದೆ. ಬೆಂಕಿ ಹಾಕಿದ ಮೇಲೆ ಅದರ ಬಾಗಿಲು ತೆಗೆದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಚಿಕ್ಕಂದಿನಲ್ಲಿ ನಾನು ಆ ಬಾಗಿಲನ್ನು ಬೆರಳಿನಷ್ಟು ಸರಿಸಿ ಇಣುಕುತ್ತಿದ್ದೆ. ಪ್ರತಿ ಸಲವೂ ಅವ್ವನ ಕೈಗೆ ಸಿಕ್ಕಿಬೀಳುತ್ತಿದ್ದೆ.

ಆ ಚಾಳಿ ಮೈಸೂರಿನ ಲ್ಯಾಬಿಗೂ ನನ್ನ ಜೊತೆ ಬಂತು. ಅಲ್ಲಿ ನನ್ನ ಕೆಲಸ ಇಂಧನ ಕೋಶಗಳ ಮೇಲೆ. ಕೋಶವೆಂದರೆ ನಾಣ್ಯದಷ್ಟಗಲದ ಪಿಂಗಾಣಿ ಬಿಲ್ಲೆ. ಕಾದ ಕುಲುಮೆಯಲ್ಲಿಟ್ಟು ಮೀಥೇನ್ ಅನಿಲ ಹಾಯಿಸಿದರೆ, ಉರಿಯೇ ಇಲ್ಲದೆ ವಿದ್ಯುತ್ ಕೊಡುತ್ತದೆ. ತೊಂದರೆಯೆಂದರೆ, ಬಿಲ್ಲೆಯಲ್ಲಿರುವ ನಿಕ್ಕಲ್ ಮೇಲೆ ಮೀಥೇನಿನ ಇಂಗಾಲ ಮಸಿಯಾಗಿ ಕೂತು ಅದನ್ನು ಉಸಿರುಗಟ್ಟಿಸುತ್ತದೆ. ಹಾಗಾಗದಂತೆ ನಾನು ಮೇಲೊಂದು ತೆಳ್ಳನೆಯ ವೇಗವರ್ಧಕದ ಪದರ ಬಳಿಯುತ್ತೇನೆ. ನಿಕ್ಕಲ್ ಮುಟ್ಟುವ ಮೊದಲೇ ಮೀಥೇನ್ ಆ ಪದರದಲ್ಲಿ, ಕೋಶದಲ್ಲೇ ಹುಟ್ಟುವ ಹಬೆಯೊಂದಿಗೆ ಬೆರೆತು ಹೈಡ್ರೋಜನ್ ಆಗಬೇಕು.

ಬಳಿದದ್ದು ಮೂರು ಬಿಲ್ಲೆ. ಎರಡನ್ನು ನಾನೇ ಸೀಳಿದೆ. ಎರಡು ಸಲವೂ ಕುಲುಮೆ ಆರುವ ಮೊದಲೇ, ಮಸಿ ಕೂತಿದೆಯೋ ನೋಡೋಣವೆಂದು ಮುಚ್ಚಳ ಎತ್ತಿದ್ದೆ. ತಣ್ಣನೆ ಗಾಳಿ ತಾಗಿ ಬಿಲ್ಲೆ ಟಕ್ಕೆಂದು ಸೀಳಿತು. ಇದ್ದ ಮಸಿಯೂ ಆ ಗಾಳಿಗೆ ಸುಟ್ಟುಹೋಗಿರಬಹುದು. ಗೊತ್ತಾಗುವ ದಾರಿಯೇ ಇರಲಿಲ್ಲ.

ಮೂರನೆಯದೂ ಹೋದರೆ ಎಲ್ಲ ಮೊದಲಿನಿಂದ. ಅದರ ಪರೀಕ್ಷೆ ಮುಗಿದದ್ದು ಒಂದು ಶನಿವಾರ. ಕುಲುಮೆ ತಾನಾಗಿ ಆರಲಿ ಎಂದು ಬಿಟ್ಟು, ಕೀಲಿಯನ್ನು ಜೊತೆಗೆ ಕೆಲಸ ಮಾಡುವ ಗೆಳತಿಗೆ ಕೊಟ್ಟು, ಹುಣಸೂರಿನ ಮೇಲೆ ಊರಿಗೆ ಹೋಗುವ ಬಸ್ಸು ಹತ್ತಿದೆ.

ಅವ್ವ ಬ್ಯಾರನ್ ಒಲೆಗೆ ಸೌದೆ ನೂಕುತ್ತಿದ್ದಳು.

“ಏನ್ ಮಗಾ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ?”

“ಅಲ್ಲೇ ಇದ್ರೆ ಮುಚ್ಚಳ ತೆಗೆದ್ಬಿಡ್ತೀನಿ.”

ಅವ್ವ ಸೌದೆ ಕೆಳಗಿಟ್ಟು ನಕ್ಕಳು. “ಅದ್ಕೆ ಇಲ್ಲಿಗೆ ಬಂದ್ಯಾ? ಇಲ್ಲೂ ಒಂದು ಬಾಗ್ಲು ಅದೆ ಕಣೆ. ಅದರತ್ರ ಸುಳಿದ್ರೆ ಕೈ ಮುರೀತೀನಿ, ನೋಡ್ಕೊ!”

ಆದರೂ ಬ್ಯಾರನ್ ಗೋಡೆಯ ಗಾಜಿನ ಕಿಂಡಿಯಿಂದ ಒಳಗಿನ ಉಷ್ಣತೆ ನೋಡಿ ಹೇಳುವ ಕೆಲಸವನ್ನು ನನಗೇ ವಹಿಸಿದಳು. ಭಾನುವಾರವೆಲ್ಲ ಕಿಂಡಿಯಲ್ಲೇ ಕಣ್ಣಿಟ್ಟಿದ್ದೆ. ಎಲೆಗಳು ನಿಧಾನವಾಗಿ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದವು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಸೋಮವಾರ ಲ್ಯಾಬಿಗೆ ಹೋದವಳು ಮೊದಲು ಕುಲುಮೆಯ ಮೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಮುಚ್ಚಳ ಎತ್ತಿದೆ. ಬಿಲ್ಲೆ ಇಡಿಯಾಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ಬಿಲ್ಲೆಯ ಒಂದೊಂದು ಮೂಲೆಯನ್ನೂ ಹುಡುಕಿದೆ. ಎಲ್ಲೂ ಮಸಿ ಇಲ್ಲ.

“ಒಂದ್ಸಲ ಕೂಗಾದ್ರೂ ಕೂಗೇ!” ಎಂದಳು ಗೆಳತಿ. ನನಗೆ ಕೂಗಲು ಬರುವುದಿಲ್ಲ. ಅವ್ವನಿಗೆ ಫೋನ್ ಮಾಡಿ ಹೇಳಿದೆ.

“ಮಸಿ ಒಸಿನೂ ಇಲ್ವಾ?”

“ಇಲ್ಲ ಅವ್ವ.”

“ಅಂಗಾದ್ರೆ ನಮ್ ಬ್ಯಾರನ್ ಕೊಳ್ವೆಗೂ ಒಂದ್ ಕೈ ಬಳಿ ತಾಯಿ. ವರ್ಸಾ ವರ್ಸಾ ಮಸಿ ಉಜ್ಜಿ ಸಾಕಾಗೋಯ್ತು.”

ನಾನು ನಕ್ಕ ಸದ್ದಿಗೆ ಪಕ್ಕದ ಕೋಣೆಯವರು ಬಂದು ಇಣುಕಿದರು. ಅವ್ವ ಇನ್ನೂ ಫೋನ್ ಇಟ್ಟಿರಲಿಲ್ಲ.

“ಮುಚ್ಚಳ ಯಾವಾಗ ತೆಗ್ದೆ?”

“ಪೂರ್ತಿ ತಣ್ಣಗಾದ ಮೇಲೆ.”

“ಅಂಗೆ ಬಾ ದಾರಿಗೆ.”