ಗೋಲಿ ಮೆಷಿನ್ನಿನ ಮೂತಿ ಹೊತ್ತು ಬಾಗಲಗುಂಟೆಗೆ

ಗೌರಿಬಿದನೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದಾಗ ನನ್ನ ಕೈಯಲ್ಲಿ ಗೋಣಿಚೀಲ ಸುತ್ತಿದ ನಾಲ್ಕು ಕಬ್ಬಿಣದ ಕಾಲುಗಳಿದ್ದವು. ಸಣ್ಣ ಸಾಮಾನೆಲ್ಲ ಹೆಗಲ ಬ್ಯಾಗಿನಲ್ಲಿತ್ತು. ಎದುರು ಸೀಟಿನ ಹೆಂಗಸು ಗೋಣಿಯನ್ನು ನೋಡಿ ತನ್ನ ಮಗುವನ್ನು ಕಿಟಕಿ ಕಡೆಗೆ ಸರಿಸಿಕೊಂಡಳು. ನಾನೇ ಒಂದು ತುದಿ ಬಿಚ್ಚಿ ತೋರಿಸಿ, ಇದು ಆಟದ ಮೆಷಿನ್ನಿನ ಕಾಲು, ಬೆಂಗಳೂರಿಗೆ ಕ್ರೋಮ್ ಲೇಪ ಹಾಕಿಸಲು ಒಯ್ಯುತ್ತಿದ್ದೇನೆ ಎಂದೆ. ಅವಳಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ದೊಡ್ಡಬಳ್ಳಾಪುರದವರೆಗೂ ಒಂದು ಕಣ್ಣು ನನ್ನ ಚೀಲದ ಮೇಲೇ ಇಟ್ಟಿದ್ದಳು.

ನಿಜ ಹೇಳಬೇಕೆಂದರೆ ಅವಳಿಗಿಂತ ನನಗೇ ಹೆಚ್ಚು ಭಯವಿತ್ತು. ಬ್ಯಾಗಿನಲ್ಲಿದ್ದ ಒಂದು ಸಾಮಾನು ಕಳೆದರೆ ಇನ್ನೊಂದು ಸಿಗುವುದಿಲ್ಲ. ಅದಕ್ಕೆ ನಾವು ಇಟ್ಟ ಹೆಸರು ಮೂತಿ.

ಮೆಷಿನ್ ಬಾಷಾ ಸಾಬರದು. ನಮ್ಮ ಬೀದಿಯಲ್ಲಿ ಎಲ್ಲರೂ ಅದನ್ನು ಗೋಲಿ ಮೆಷಿನ್ ಅನ್ನುತ್ತಾರೆ. ಮಂಚದಷ್ಟು ಉದ್ದದ ಇಳಿಜಾರು ಪೆಟ್ಟಿಗೆ, ಮೇಲೆ ಗಾಜು, ಒಳಗೆ ಬಣ್ಣದ ಬಲ್ಬು, ಗಂಟೆ, ಒಂದು ಸ್ಟೀಲ್ ಗೋಲಿ. ಮುಂದಿರುವ ಕಂಬಿಯನ್ನು ಎಳೆದು ಬಿಟ್ಟರೆ ಸ್ಪ್ರಿಂಗ್ ಹೊಡೆದು ಗೋಲಿ ಮೇಲಕ್ಕೆ ಹಾರುತ್ತದೆ. ಆ ಕಂಬಿ ಪೆಟ್ಟಿಗೆಯಿಂದ ಹೊರಗೆ ಬರುವ ಜಾಗದಲ್ಲಿರುವ ದಪ್ಪ ಲೋಹದ ಭಾಗವೇ ಮೂತಿ. ಬೆಂಗಳೂರಿನ ಯಾವುದೋ ಕ್ಲಬ್ಬು ಮುಚ್ಚಿದಾಗ ಸಾಬರು ಮೆಷಿನ್ನನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದು ತಮ್ಮ ಟೀ ಅಂಗಡಿ ಮುಂದೆ ಇಟ್ಟಿದ್ದರು. ನನ್ನದು ಮೋಟರ್ ವೈಂಡಿಂಗ್ ಅಂಗಡಿ, ಅವರ ಪಕ್ಕದ್ದೇ. ಮೆಷಿನ್ ಕೆಟ್ಟಾಗಲೆಲ್ಲ ಹೊಟ್ಟೆ ಬಿಚ್ಚುವವನು ನಾನು.

ಸಾಬರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಟೀ ಅಂಗಡಿ ಮುಚ್ಚಿತು, ಮೆಷಿನ್ ಅಂಗಡಿಗಳಿಗೆ ಹೊಂದಿಕೊಂಡಿದ್ದ ಅವರ ಮನೆಯ ಪಡಸಾಲೆಗೆ ಬಂತು. ಕೈಗೆ ದಿನಾ ಕೆಲಸ ಕೊಡಬೇಕು, ಬಿಟ್ಟರೆ ಮರದ ಹಾಗೆ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಿಸುಕಲು ಕೊಟ್ಟ ಸ್ಪಂಜಿನ ಚೆಂಡನ್ನು ಸಾಬರು ಎಡಗೈಯಿಂದ ಬೀದಿಗೆ ಎಸೆದರು. ಮೆಷಿನ್ ಮುಂದೆ ಸ್ಟೂಲ್ ಹಾಕಿ ಕೂರಿಸಿದರೆ ಮಾತ್ರ ಅದೇ ಕೈ ಮೆಲ್ಲಗೆ ಮೇಲೆ ಬರುತ್ತಿತ್ತು. ಅಂಗೈಯನ್ನು ಮೂತಿಗೆ ಒತ್ತಿ, ಬೆರಳಲ್ಲಿ ಕಂಬಿ ಎಳೆಯುತ್ತಿದ್ದರು. ಮೊದಲು ಗೋಲಿ ಅಲುಗುತ್ತಿರಲಿಲ್ಲ. ಆಮೇಲಾಮೇಲೆ ಗಂಟೆಯವರೆಗೆ ಹೋಗತೊಡಗಿತು.

ಆದರೆ ಮೂತಿಯ ಕ್ರೋಮ್ ಹಳೆಯದು. ಗುಳ್ಳೆ ಎದ್ದು, ಸಿಪ್ಪೆ ಬಿಟ್ಟು, ಒಂದೊಂದು ಸಿಪ್ಪೆಯೂ ಬ್ಲೇಡಿನ ಹಾಗೆ ನಿಂತಿತ್ತು. ಸಾಬರ ಆ ಕೈಗೆ ಸ್ಪರ್ಶವಿಲ್ಲ. ಕುಯ್ದದ್ದು ಗೊತ್ತಾಗದೆ ಆಡುತ್ತಲೇ ಇರುತ್ತಿದ್ದರು. ಅಂಗಿಯ ಮೇಲೆ ರಕ್ತ ನೋಡಿ ಮನೆಯವರು ಓಡಿ ಬರಬೇಕು. ಸಕ್ಕರೆ ಕಾಯಿಲೆ ಬೇರೆ, ಗಾಯ ಮಾಯುವುದಿಲ್ಲ. ನಾನು ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿದೆ. ಒಂದು ಕಡೆ ನುಣುಪಾದರೆ ಪಕ್ಕದಲ್ಲಿ ಹೊಸ ಸಿಪ್ಪೆ ಏಳುತ್ತಿತ್ತು. ಬಟ್ಟೆ ಸುತ್ತಿದರೆ ಜಾರಿ ಬೀಳುತ್ತಿತ್ತು. ಕೊನೆಗೆ ಸಾಬರ ಹೆಂಡತಿ ಜುಲೇಖಮ್ಮ ನನ್ನ ಅಂಗಡಿಗೇ ಬಂದರು.

"ಇದೊಂದ್ ಸಲ ರಿಪೇರಿ ಮಾಡ್ಸು ರಾಜಣ್ಣ. ಇನ್ನೊಂದ್ ಸಲ ರಕ್ತ ಕಂಡ್ರೆ ಗುಜರಿಯವ್ನನ್ನ ನಾನೇ ಕರೀತೀನಿ. ಆಮೇಲೆ ನೀನೂ ತಡೀಬೇಡ, ಅವ್ರೂ ತಡಿಯೋದ್ ಬೇಡ."

ಅವರು ಸುಮ್ಮನೆ ಹೇಳುವವರಲ್ಲ. ಹಾಗಾಗಿ ಬಿಚ್ಚಿದೆ. ಮೂತಿಗಾಗಿ ಹೇಗೂ ಹೋಗುತ್ತಿದ್ದೇನಲ್ಲ ಎಂದು ತುಕ್ಕು ಹಿಡಿದ ಕಾಲುಗಳನ್ನೂ ಬಿಚ್ಚಿದೆ. ಮೂತಿ, ಎಳೆಯುವ ಕಂಬಿ, ಬೋಲ್ಟುಗಳು ಎಲ್ಲವನ್ನೂ ಒಂದೇ ಬೈಂಡಿಂಗ್ ವೈರಿಗೆ ಪೋಣಿಸಿ, ತುದಿ ತಿರುಚಿ ಗೊಂಚಲು ಮಾಡಿದೆ. ನಮ್ಮ ಅಂಗಡಿಯಲ್ಲಿ ಸಣ್ಣ ಸಾಮಾನನ್ನು ಬಿಡಿಯಾಗಿ ಇಡುವುದೇ ಇಲ್ಲ, ಪೋಣಿಸಿದರೆ ಕಳೆಯುವುದಿಲ್ಲ. ಬೆಂಗಳೂರಿನಲ್ಲಿ ಅದೇ ಅಭ್ಯಾಸ ನನ್ನನ್ನು ಹೆದರಿಸಿ ಸಾಯಿಸಿತು. ಹೊರಡುವಾಗ ಸಾಬರು ಎಡಗೈಯಿಂದ ನನ್ನ ಬ್ಯಾಗ್ ಮುಟ್ಟಿ, ನಾಲಿಗೆ ತೊಡರುತ್ತಾ ಒಂದೇ ಮಾತು ಹೇಳಿದರು. "ಮೂತಿ ಒಂದೇ ಐತೆ."

ಯಶವಂತಪುರದಲ್ಲಿ ಇಳಿದೆ. ಅಲ್ಲಿಂದ ದಾಸರಹಳ್ಳಿ ಕಡೆಗೆ ಮೆಟ್ರೋ ಓಡಲು ಶುರುವಾಗಿತ್ತು. ನಾನು ಅದನ್ನು ಹತ್ತಿರಲಿಲ್ಲ, ಹತ್ತೋಣ ಎಂದು ಹೋದೆ. ಬಾಗಿಲ ಬಳಿ ಸೆಕ್ಯುರಿಟಿಯವರು ಗೋಣಿ ಬಿಚ್ಚಿಸಿದರು. ಉದ್ದದ ನಾಲ್ಕು ಕಬ್ಬಿಣ ಬಿದ್ದಾಗ ಹಿಂದಿದ್ದವರೆಲ್ಲ ಎರಡು ಹೆಜ್ಜೆ ಸರಿದರು.

"ಏನ್ ಯಜಮಾನ್ರೇ, ಯಾರ್ ಮೇಲೆ ಯುದ್ಧಕ್ಕೆ ಹೊರಟ್ರಿ?" ಎಂದು ಸೆಕ್ಯುರಿಟಿ ಕೇಳಿದ. ಅವನು ನಕ್ಕ, ನನಗೆ ನಗು ಬರಲಿಲ್ಲ. ಕಿತ್ತುಕೊಂಡಾರು ಎಂದು ಬ್ಯಾಗನ್ನು ಎದೆಗೆ ಒತ್ತಿ ಹಿಡಿದೆ. ಬಿಡುವುದಿಲ್ಲ, ಬಸ್ಸಿಗೆ ಹೋಗಿ ಎಂದ. ಬಸ್ಸಿನಲ್ಲಿ ಕಂಡಕ್ಟರ್ ಕಾಲುಗಳಿಗೂ ಒಂದು ಲಗೇಜ್ ಟಿಕೆಟ್ ಹರಿದ. ಕಾಲುಗಳು ನಿಂತುಕೊಂಡೇ ಬಂದವು, ನಾನೂ ನಿಂತೇ ಬಂದೆ.

ದಾಸರಹಳ್ಳಿಯಲ್ಲಿ ಇಳಿದು, ಹೆಸರಘಟ್ಟ ರಸ್ತೆ ಹಿಡಿದು ಬಾಗಲಗುಂಟೆಗೆ ನಡೆದೆ. ಬಿಸಿಲು ಏರಿತ್ತು. ಎರಡು ಮನೆಗಳ ನಡುವಿನ ಸಂದಿಯಲ್ಲಿ, ಬೋರ್ಡಿಲ್ಲದ ಕ್ರೋಮ್ ಶೆಡ್ಡು. ಶಟರ್ ಅರ್ಧ ಎಳೆದಿತ್ತು, ಬಗ್ಗಿ ಒಳಗೆ ಹೋಗಬೇಕು. ಹೋದ ಕೂಡಲೇ ಆಸಿಡ್ ಹೊಗೆ ಗಂಟಲಿಗೆ ಕುಟ್ಟಿತು. ಎಕ್ಸಾಸ್ಟ್ ಫ್ಯಾನು, ತಿಕ್ಕಿ ಹೊಳಪು ಕೊಡುವ ಬಫಿಂಗ್ ಮೋಟರ್ ಎರಡೂ ಸೇರಿ ಪಕ್ಕದವರ ಮಾತೂ ಕೇಳಿಸದಷ್ಟು ಸದ್ದು. ಸಾಲಾಗಿ ತೊಟ್ಟಿಗಳು, ಒಂದರಲ್ಲಿ ಹಸಿರು ನೀರು, ಒಂದರಲ್ಲಿ ಕೆಂಪು. ಗೋಡೆ ತುಂಬ ಬೈಕಿನ ಸೈಲೆನ್ಸರುಗಳು ತೂಗುತ್ತಿದ್ದವು. ಮಾಲೀಕ ಲೋಕೇಶ, ನನಗಿಂತ ಚಿಕ್ಕವನು, ಮೊಣಕೈವರೆಗೆ ರಬ್ಬರ್ ಗ್ಲೌಸ್ ಹಾಕಿದ್ದ. ಮಾತಾಡುವಾಗಲೂ ಕಣ್ಣು ಶಟರ್ ಕಡೆಗೇ. ಮೋರಿ ನೀರು ಪರೀಕ್ಷೆ ಮಾಡುವ ಅಧಿಕಾರಿಗಳು ಯಾವಾಗ ಬೇಕಾದರೂ ಬರಬಹುದು, ಬಂದರೆ ಅವತ್ತೇ ಬೀಗ ಎಂದು ಅವನೇ ಹೇಳಿಕೊಂಡ. ಹೆದರಿದವರ ಜೊತೆ ಹೆದರಿದವನಿಗೆ ಬೇಗ ಸ್ನೇಹವಾಗುತ್ತದೆ. ಟೀ ತರಿಸಿ ಕೊಟ್ಟ.

ಕೆಲಸದ ಕ್ರಮ ವಿವರಿಸಿದ. ಹಳೆಯ ಕ್ರೋಮನ್ನು ಆಸಿಡ್ಡಿನಲ್ಲಿ ತೆಗೆಯಬೇಕು, ಆಮೇಲೆ ಬಫಿಂಗು, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ನಾಳೆ ಮಧ್ಯಾಹ್ನಕ್ಕೆ ಬನ್ನಿ ಎಂದ. ಗೊಂಚಲನ್ನು ಕೈಯಲ್ಲಿ ತೂಗಿ ನೋಡಿ, "ಎಲ್ಲಾ ಕಬ್ಬಿಣಾನೇ ತಾನೆ?" ಎಂದು ಕೇಳಿದ.

"ಎಲ್ಲಾ ಕಬ್ಬಿಣಾನೇ" ಅಂದೆ.

ನಮ್ಮ ಕಡೆ ಹೊಳೆಯುವ ಗಟ್ಟಿ ಸಾಮಾನೆಂದರೆ ಒಳಗೆ ಕಬ್ಬಿಣವೇ. ಬೇರೆ ಏನಾದರೂ ಇರಬಹುದೆಂದು ನನಗೆ ತೋಚಲೇ ಇಲ್ಲ. ನಾನು ಪೋಣಿಸಿದ್ದ ವೈರನ್ನೇ ಅವನು ಆಸಿಡ್ ತೊಟ್ಟಿಯ ಮೇಲಿನ ಕೊಕ್ಕೆಗೆ ಸಿಕ್ಕಿಸಿದ. ಊಟ ಆದ ಮೇಲೆ ಇಳಿಸುತ್ತೇನೆ ಎಂದ.

ಅಲ್ಲಿಂದ ಆರ್.ಟಿ. ನಗರಕ್ಕೆ ಹೋದೆ. ಮೆಷಿನ್ನಿಗೆ ಒಂದು ಸ್ಪ್ರಿಂಗು, ಕೆಲವು ರಬ್ಬರ್ ರಿಂಗು ಬೇಕಿತ್ತು. ಹಳೆಯ ವಿಡಿಯೋ ಗೇಮ್ ಅಂಗಡಿಗಳ ಸಾಮಾನನ್ನೆಲ್ಲ ಮನೆಯ ಮಹಡಿ ಮೇಲೆ ತುಂಬಿಕೊಂಡಿರುವ ಇಲಿಯಾಸ್ ಎಂಬವರು ಅಲ್ಲಿದ್ದಾರೆ. ಫೋನಿನಲ್ಲಿ ಪರಿಚಯ, ನೋಡಿದ್ದು ಅವತ್ತೇ. ಸ್ಪ್ರಿಂಗ್ ಹುಡುಕುತ್ತಾ ಮಾತಿಗೆ ಮಾತು ಬಂದು, ಮೂತಿಯನ್ನೂ ಕ್ರೋಮಿಗೆ ಕೊಟ್ಟಿದ್ದೇನೆ ಎಂದೆ. ಅವರ ಕೈ ನಿಂತಿತು. ಡಬ್ಬದಿಂದ ಬೇರೆ ಯಾವುದೋ ಮೆಷಿನ್ನಿನ ಒಡೆದ ಮೂತಿ ತೆಗೆದು, ಸ್ಪೀಕರಿನ ಹಳೆಯ ಅಯಸ್ಕಾಂತವನ್ನು ಅದಕ್ಕೆ ತಾಗಿಸಿದರು. ಅಂಟಲಿಲ್ಲ. ಜಾರಿ ಕೆಳಗೆ ಬಿತ್ತು.

"ಕಬ್ಬಿಣ ಅಲ್ಲ ಭಾಯ್ ಇದು, ಸತು. ಅಚ್ಚಲ್ಲಿ ಎರಕ ಹುಯ್ದಿರೋದು. ಆಸಿಡ್ಗೆ ಹಾಕಿದ್ರೆ ಸಕ್ಕರೆ ತರ ಕರಗ್ತದೆ. ಫೋನ್ ಮಾಡಿ, ಮೊದ್ಲು ಫೋನ್ ಮಾಡಿ."

ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ನಿಮ್ಮ ಹತ್ತಿರ ನಮ್ಮ ಮೆಷಿನ್ನಿನ ಕಂಪನಿಯ ಮೂತಿ ಇದೆಯಾ ಎಂದು ಕೇಳಿದೆ. ಇಲಿಯಾಸ್ ಇಲ್ಲವೆಂದು ತಲೆ ಅಲ್ಲಾಡಿಸಿದರು. ಅವರು ಕೊಟ್ಟ ನೀರನ್ನೂ ಕುಡಿಯದೆ ಮೆಟ್ಟಿಲಿಳಿದೆ.

ಆಟೋದವನು ಮೀಟರ್ ಮೇಲೆ ಎಷ್ಟು ಕೇಳಿದನೋ ಅಷ್ಟಕ್ಕೂ ಹೂಂ ಅಂದೆ. ಮೇಖ್ರಿ ಸರ್ಕಲ್ಲಿನಲ್ಲಿ ಯಾರೋ ದೊಡ್ಡವರು ಬರುತ್ತಾರೆಂದು ಗಾಡಿ ನಿಲ್ಲಿಸಿದ್ದಾರೆ, ಹೆಬ್ಬಾಳದ ಮೇಲೆ ಹೋಗೋಣ ಎಂದ. ಹೆಬ್ಬಾಳದಲ್ಲಿ ಫ್ಲೈಓವರಿನ ಕೆಳಗೆ ನಿಂತೆವು, ನಿಂತೇ ಇದ್ದೆವು. ಮೇಲೆ ಏರ್‌ಪೋರ್ಟಿನ ಕಾರುಗಳ ಸಾಲು, ಕೆಳಗೆ ನಮ್ಮದು. ನಾನು ತಲೆ ಹೊರಗೆ ಹಾಕಿ ನೋಡುವುದು, ಒಳಗೆ ತೆಗೆಯುವುದು.

"ಯಾಕಣ್ಣ, ಆಸ್ಪತ್ರೇಲಿ ಯಾರಾದ್ರೂ ಇದಾರಾ?" ಆಟೋದವನು ಕನ್ನಡಿಯಲ್ಲಿ ನೋಡುತ್ತಾ ಕೇಳಿದ.

"ಒಂದ್ ಸಾಮಾನು ಆಸಿಡ್ಗೆ ಬೀಳ್ತಾ ಇದೆ" ಅಂದೆ.

ಅವನು ತಿರುಗಿ ನನ್ನ ಮುಖ ನೋಡಿದ. "ಸಾಮಾನೇ ತಾನೆ? ಮನ್ಷ ಅಲ್ವಲ್ಲ. ಆರಾಮಾಗ್ ಕೂತ್ಕೊ ಗುರು."

ಅವನಿಗೆ ಹೇಗೆ ಹೇಳುವುದು. ನಾನು ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಿದ್ದು ಮದುವೆಯಾಗಿ ಮಕ್ಕಳಾದ ಮೇಲೆ. ಸತುವಿಗೆ ಆಸಿಡ್ ಸೇರಿದರೆ ಹೈಡ್ರೋಜನ್ ಗುಳ್ಳೆ ಬರುತ್ತದೆ ಎಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತೆಗೆದುಕೊಂಡಿದ್ದೆ. ಆ ಗುಳ್ಳೆ ಈಗ ಕಣ್ಣೆದುರಿಗೆ ಏಳುತ್ತಿತ್ತು. ಮೂತಿ ಇಲ್ಲದೆ ಕಂಬಿ ನಿಲ್ಲುವುದಿಲ್ಲ. ಕಂಬಿ ಇಲ್ಲದೆ ಗೋಲಿ ಹಾರುವುದಿಲ್ಲ. ಜುಲೇಖಮ್ಮ ಗುಜರಿಯವನನ್ನು ಕರೆಯುವ ಅಗತ್ಯವೂ ಬೀಳುವುದಿಲ್ಲ. ಆ ಪಡಸಾಲೆಯಲ್ಲಿ ಸಾಬರ ಬಲಗೈ ತೊಡೆ ಮೇಲೆ ಬಿದ್ದಿರುವುದು, ಹಾಗೇ ಮರವಾಗುವುದು, ಅಷ್ಟೇ ಕಾಣುತ್ತಿತ್ತು. ಬಿ.ಇ.ಎಲ್. ಸರ್ಕಲ್ ದಾಟಿದ ಮೇಲೆ ಆಟೋ ಓಡಿತು. ಫೋನ್ ಇನ್ನೂ ಸ್ವಿಚ್ ಆಫ್.

ಬಾಗಲಗುಂಟೆಯ ಸಂದಿ ತಲುಪಿದಾಗ ಶಟರ್ ಪೂರ್ತಿ ಮುಚ್ಚಿತ್ತು. ಫ್ಯಾನಿನ ಸದ್ದಿಲ್ಲ, ಮೋಟರಿನ ಸದ್ದಿಲ್ಲ. ಕೈಯಿಂದ ಬಡಿದೆ. ಪಕ್ಕದ ಮನೆಯ ಅಜ್ಜಿ ಕಿಟಕಿ ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಳು. ಶಟರಿಗೆ ಒರಗಿ ಕುಳಿತೆ. ಆಗ ಒಳಗೆ ಯಾರೋ ಕೆಮ್ಮಿದರು. ಆಸಿಡ್ ಹೊಗೆ ಕುಡಿದ ಗಂಟಲಿನ ಕೆಮ್ಮು.

ಕೆಳಗಿನ ಸಂದಿಗೆ ಬಾಯಿಟ್ಟು ಹೇಳಿದೆ. "ಲೋಕೇಶಣ್ಣ, ನಾನು, ಗೌರಿಬಿದನೂರಿನವನು. ಅದು ಕಬ್ಬಿಣ ಅಲ್ಲ ಅಣ್ಣ."

ಶಟರ್ ಒಂದಡಿ ಎದ್ದಿತು. ನೆಲಕ್ಕೆ ಹೊಟ್ಟೆ ಹಚ್ಚಿ ಒಳಗೆ ನುಸುಳಿದೆ. ಕತ್ತಲು. ಅಧಿಕಾರಿಗಳ ಜೀಪು ಅಬ್ಬಿಗೆರೆ ಕಡೆ ಬಂದಿದೆ ಎಂದು ಯಾರೋ ಸುದ್ದಿ ಕೊಟ್ಟಿದ್ದರಂತೆ. ಲೋಕೇಶ ಮೈನ್ ಸ್ವಿಚ್ ಆರಿಸಿ, ಫೋನ್ ಆಫ್ ಮಾಡಿ, ಶಟರ್ ಎಳೆದು ಒಳಗೇ ಕುಳಿತಿದ್ದ.

"ಹಾಕ್ಬಿಟ್ಟಿದ್ರಾ?" ಎಂದು ಕೇಳಿದೆ.

"ಹಾಕ್ಬಿಟ್ಟಿದ್ದೆ" ಎಂದ.

ಊಟ ಮುಗಿಸಿ ಗೊಂಚಲನ್ನು ತೊಟ್ಟಿಗೆ ಇಳಿಸಿದ್ದ, ಅಷ್ಟರಲ್ಲಿ ಸುದ್ದಿ ಬಂದಿತ್ತು. ಎಲ್ಲ ಆರಿಸಿ ಉಸಿರು ಬಿಗಿಹಿಡಿದು ಕುಳಿತಾಗ, ಎಣ್ಣೆಯಲ್ಲಿ ಬೋಂಡ ಬಿಟ್ಟ ಹಾಗೆ ಚುಯ್ಯ್ ಎಂಬ ಸದ್ದು ಕೇಳಿತಂತೆ. ಕಬ್ಬಿಣ ಹಾಗೆ ಕೂಗುವುದಿಲ್ಲ. ಕತ್ತಲಲ್ಲೇ ತಡವಿ, ವೈರ್ ಹಿಡಿದು ಮೇಲಕ್ಕೆಳೆದು ನೀರಿಗೆ ಹಾಕಿದ್ದ. "ಫ್ಯಾನ್ ಓಡ್ತಿದ್ರೆ ನಂಗೆಲ್ಲಿ ಕೇಳ್ಸೋದು" ಎಂದು ಅವನೇ ಎರಡು ಸಲ ಹೇಳಿದ.

ಮೊಬೈಲ್ ಬೆಳಕಿನಲ್ಲಿ ಮೂತಿ ನೋಡಿದೆವು. ಹೊಳಪು ಒಂದಿಷ್ಟೂ ಇರಲಿಲ್ಲ, ಬೂದಿ ಬಣ್ಣ. ಮೇಲೆ ಉಬ್ಬಿದ್ದ ಕಂಪನಿಯ ಹೆಸರಿನ ಅಕ್ಷರಗಳು ಹೋಗಿದ್ದವು. ಒಂದು ಮಗ್ಗುಲು ಉಗುರಿನಷ್ಟು ತೆಳ್ಳಗಾಗಿತ್ತು. ಕಂಬಿ ಹೋಗುವ ತೂತು ಮಾತ್ರ ಉಳಿದಿತ್ತು. ಇದಕ್ಕೆ ಇನ್ನು ಕ್ರೋಮ್ ಹಾಕಲು ಸಾಧ್ಯವಿಲ್ಲ, ಇನ್ನೊಂದು ಸಲ ಯಾವ ತೊಟ್ಟಿಗೆ ಇಳಿಸಿದರೂ ಕೈಗೆ ಸಿಗುವುದಿಲ್ಲ ಎಂದ. ಸೋಡಾ ನೀರಿನಲ್ಲಿ ತೊಳೆದು, ಬಟ್ಟೆಗೆ ಪಾಲಿಶ್ ಹಚ್ಚಿ ಕೈಯಲ್ಲೇ ತಿಕ್ಕತೊಡಗಿದ. ನಾನು ಹೇಳಿದ್ದನ್ನು ನಂಬಿ ಹಾಕಿದವನು ಅವನು, ಆದರೂ ಬೈಯಲಿಲ್ಲ. ಜೀಪು ಅವತ್ತು ಆ ಸಂದಿಗೆ ಬರಲಿಲ್ಲ.

ರಾತ್ರಿ ಅಟ್ಟೂರಿನ ಅಕ್ಕನ ಮನೆಯಲ್ಲಿ ಉಳಿದೆ. ಮಾರನೆಯ ದಿನ ಹೋಗಿ ಕಾಲುಗಳನ್ನೂ ಕಂಬಿಯನ್ನೂ ತಂದೆ. ಮುಖ ಕಾಣುವ ಹಾಗೆ ಹೊಳೆಯುತ್ತಿದ್ದವು. ಯಲಹಂಕದಲ್ಲಿ ಸಂಜೆ ರೈಲು ಹತ್ತಿದೆ. ಈ ಸಲ ಗೋಣಿ ನೋಡಿ ಯಾರೂ ಸರಿಯಲಿಲ್ಲ. ಮೂತಿಯನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಸಾಬರಿಗೆ ಏನು ಹೇಳುವುದೆಂದು ದೊಡ್ಡಬಳ್ಳಾಪುರದಲ್ಲೂ ಗೊತ್ತಾಗಲಿಲ್ಲ, ತೊಂಡೇಬಾವಿಯಲ್ಲೂ ಗೊತ್ತಾಗಲಿಲ್ಲ.

ಸಾಬರ ಪಡಸಾಲೆಯಲ್ಲಿ ಎಲ್ಲವನ್ನೂ ಜೋಡಿಸಿದೆ. ಜುಲೇಖಮ್ಮ ಹೊಳೆಯುವ ಕಾಲುಗಳನ್ನು ನೋಡಿದರು, ಬೂದಿ ಬಣ್ಣದ ಮೂತಿಯನ್ನು ನೋಡಿದರು, ನನ್ನ ಮುಖ ನೋಡಿದರು. ಸಾಬರು ಸ್ಟೂಲಿನ ಮೇಲೆ ಕುಳಿತು, ಮೊದಲು ಎಡಗೈಯಿಂದ ಮೂತಿಯನ್ನು ಸುತ್ತಲೂ ಸವರಿದರು. ಆ ಕೈಗೆ ಸ್ಪರ್ಶವಿದೆ. ಬೆರಳು ಎಲ್ಲೂ ತಡೆಯಲಿಲ್ಲ. ಗುಳ್ಳೆ, ಸಿಪ್ಪೆ, ಅಂಚು ಎಲ್ಲವನ್ನೂ ಆಸಿಡ್ ತಿಂದುಹಾಕಿತ್ತು.

"ಸೋಪಿನ್ ತರ ಐತಲ್ಲ" ಎಂದರು.

ಬಲಗೈ ಎತ್ತಿ ಇಟ್ಟು ಎಳೆದರು. ಗೋಲಿ ಹಾರಿತು, ಗಂಟೆ ಬಾರಿಸಿತು. ಆಟ ಮುಗಿದ ಮೇಲೆ ಜುಲೇಖಮ್ಮ ಆ ಅಂಗೈಯನ್ನು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಏನೂ ಇರಲಿಲ್ಲ. ನನಗೆ ಟೀ ಇಡಲು ಒಳಗೆ ಹೋದರು.

ತೆಳ್ಳಗಾದ ಮಗ್ಗುಲಿನ ವಿಷಯ ಅವತ್ತೇ ಇಬ್ಬರಿಗೂ ಹೇಳಿದೆ. ಎಷ್ಟು ದಿನ ತಡೆಯುತ್ತದೋ ನನಗೂ ಗೊತ್ತಿಲ್ಲ, ಲೋಕೇಶನಿಗೂ ಗೊತ್ತಿಲ್ಲ. ಸಾಬರು, ನನ್ನದೂ ಅಷ್ಟೇ ಎಂದು ನಕ್ಕರು. ಈಗಲೂ ಸಂಜೆ ಅಂಗಡಿಯಲ್ಲಿ ತಂತಿ ಸುತ್ತುತ್ತಾ ಕುಳಿತಾಗ ಗೋಡೆಯಾಚೆ ಸ್ಪ್ರಿಂಗ್ ಎಳೆಯುವ ಸದ್ದು ಕೇಳುತ್ತದೆ. ನನ್ನ ಕೈ ನಿಲ್ಲುತ್ತದೆ. ಗಂಟೆ ಬಾರಿಸಿದ ಮೇಲೆ ಮತ್ತೆ ಸುತ್ತುತ್ತೇನೆ.