ಚಿಕ್ಕತಾಯತ್ತೆಯ ಎರಡು ಲೋಟ

ಚಿಕ್ಕತಾಯತ್ತೆ ಯಾರ ಮನೆಗೆ ಹೋದರೂ ಮೊದಲು ಮುಚ್ಚಳ ಮೂಸುತ್ತಿದ್ದಳು. ಉಪ್ಪಿನಕಾಯಿ ಜಾಡಿಯಿರಲಿ, ತುಪ್ಪದ ಡಬ್ಬಿಯಿರಲಿ, ಮದುವೆಮನೆಯ ಸಾರಿನ ಕೊಳದಪ್ಪಲೆಯೇ ಇರಲಿ, ಮುಚ್ಚಳ ಎತ್ತಿ, ಅದರ ಒಳಮೈಯನ್ನು ಮೂಗಿನ ಹತ್ತಿರ ತಂದು, ಅರ್ಧ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು ತೀರ್ಪು ಕೊಡುತ್ತಿದ್ದಳು. ಅಷ್ಟು ಹೊತ್ತು ಅಡುಗೆಯವರ ಎದೆ ಢವಢವ ಎನ್ನುತ್ತಿತ್ತು. ಅವಳು ಮಾತ್ರ ಏನೂ ಆಗಿಲ್ಲವೆಂಬಂತೆ ಎಲೆಯ ಮುಂದೆ ಹೋಗಿ ಕೂರುತ್ತಿದ್ದಳು.

ಅವಳು ನಮ್ಮಪ್ಪನ ತಂಗಿ. ಮದುವೆಯಾಗಿದ್ದೂ ನಮ್ಮ ಊರಿಗೇ, ಪಾಂಡವಪುರದ ಹತ್ತಿರದ ಹಳ್ಳಿ. ಮಾವ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದವಳು ಕೂದಲು ಬೆಳ್ಳಗಾಗುವವರೆಗೂ ಅಲ್ಲೇ ಇದ್ದಳು. ಅಳತೆಯ ಯಂತ್ರ ಬಂದ ಮೇಲೂ ಮೊದಲು ಕ್ಯಾನಿನ ಮುಚ್ಚಳ ಮೂಸುವುದನ್ನು ಬಿಡಲಿಲ್ಲ. "ಮಿಸೀನ್ಗೆ ನೀರು ಗೊತ್ತಾಯ್ತದೆ, ಕೊಳಕು ಗೊತ್ತಾಗಕಿಲ್ಲ" ಎನ್ನುತ್ತಿದ್ದಳು. ಹಸು ರಾತ್ರಿ ಏನು ಮೇದಿದೆ ಎಂಬುದನ್ನು ಅವಳು ಬೆಳಿಗ್ಗೆ ಹೇಳುತ್ತಿದ್ದಳೆಂದು ಊರಲ್ಲಿ ಈಗಲೂ ಮಾತಿದೆ.

ಆ ಮೂಗೇ ಅವಳಿಗೆ ಮುಳುವಾಯಿತು. ಒಂದು ಬೆಳಿಗ್ಗೆ ಇಡೀ ಸಾಲಿನ ಎದುರಿಗೆ ಅಪ್ಪನ ಕ್ಯಾನಿನ ಮುಚ್ಚಳ ಮೂಸಿ, "ಅಣ್ಣಯ್ಯ, ಉಳಿ ತಿರುಗ್ತಾ ಅದೆ, ತಕ್ಕೊಂಡೋಗು" ಅಂದುಬಿಟ್ಟಳು. ಅಪ್ಪ ಕ್ಯಾನು ಎತ್ತಿಕೊಂಡು ಬಂದ. ಮಾರನೆಯ ದಿನದಿಂದ ಅದನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಪಕ್ಕದೂರಿನ ಡೇರಿಗೆ ಹೋಗತೊಡಗಿದ. ಹನ್ನೊಂದು ವರ್ಷ ಹೋದ. ಮಳೆಗಾಲದಲ್ಲಿ ಕೆಸರಿಗೆ ಬಿದ್ದು ಹಾಲು ಚೆಲ್ಲಿದರೂ ಹೋದ. ಅತ್ತೆಗೆ ವಯಸ್ಸಾಗಿ ಕೆಲಸ ಬಿಟ್ಟ ಮೇಲೂ ಹೋದ. ಅವಳು ಮುಂಬಾಗಿಲಿಂದ ಬಂದರೆ ಅಪ್ಪನಿಗೆ ಕೊಟ್ಟಿಗೆಯಲ್ಲಿ ಕೆಲಸ ನೆನಪಾಗುತ್ತಿತ್ತು. ಹಬ್ಬಕ್ಕೆ ಅವಳು ಕಳಿಸಿದ ಕಜ್ಜಾಯವನ್ನೇನೋ ಬೇಜಾರಿಲ್ಲದೆ ತಿನ್ನುತ್ತಿದ್ದ, ಮಾತು ಮಾತ್ರ ಇಲ್ಲ. ನನ್ನನ್ನು ಕಂಡಾಗಲೆಲ್ಲ ಅತ್ತೆಯ ಮೊದಲ ಪ್ರಶ್ನೆ ಒಂದೇ: "ಅಣ್ಣಯ್ಯ ಏನಾರ ಅಂದನೇನ್ಲಾ?" ನಾನು ಇಲ್ಲವೆಂದರೆ, "ಬುಡು, ಕಜ್ಜಾಯ ತಿಂದ್ನಲ್ಲ" ಎಂದು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಇಂಥವಳು ವೈನಿನ ಸಹವಾಸಕ್ಕೆ ಬಿದ್ದದ್ದು ನನ್ನಿಂದ. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ನನ್ನದೊಂದು ಊಟದ ಹೋಟೆಲಿದೆ. ಕೆ.ಆರ್.ಎಸ್. ನೋಡಿಕೊಂಡು ಬರುವ ಪ್ರವಾಸಿಗಳು ವೈನ್ ಇದೆಯಾ ಎಂದು ಕೇಳುತ್ತಿದ್ದರು. ನಮ್ಮ ಕಡೆ 'ವೈನ್ಸ್' ಎಂದು ಬೋರ್ಡಿರುವ ಅಂಗಡಿಯಲ್ಲಿ ವೈನೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ನಾನು ಲೈಸೆನ್ಸು ಮಾಡಿಸಿ, ಮೇಲೆ ಅಂಟಿಸಿದ ಚೀಟಿಯ ಅಂದಚೆಂದ ನೋಡಿ ದುಬಾರಿ ಬಾಟಲಿಗಳನ್ನೇ ತರಿಸಿದೆ. ಗಿರಾಕಿಗಳು ಅರ್ಧ ಗ್ಲಾಸು ಬಿಟ್ಟೇಳುತ್ತಿದ್ದರು. ಯಾಕೆಂದು ನನಗೂ ತಿಳಿಯದು, ನಾಚಿಕೆಗೆ ಅವರೂ ಹೇಳರು. ಒಂದು ದಿನ ಬೆಣ್ಣೆ ಕೊಡಲು ಬಂದ ಅತ್ತೆ, ಕಿಟಕಿಯ ಬಿಸಿಲಿಗೆ ಸಾಲಾಗಿ ನಿಲ್ಲಿಸಿದ್ದ ಬಾಟಲಿಗಳಲ್ಲಿ ತೆರೆದಿದ್ದ ಒಂದರ ಮುಚ್ಚಳ ಮೂಸಿ, "ಆಲ್ನ ಬಿಸ್ಲಿಗೆ ಮಡಗ್ತಾರೇನ್ಲಾ ಯಾರಾದ್ರೂ?" ಅಂದಳು. ಬಾಟಲಿಗಳನ್ನು ತಂಪು ಕೋಣೆಗೆ ಸಾಗಿಸಿದೆ, ನನ್ನ ಅರ್ಧ ಕಷ್ಟ ಅವತ್ತೇ ಪರಿಹಾರವಾಯಿತು.

ಯಾವ ವೈನ್ ತರಿಸಬೇಕೆಂಬ ಮಿಕ್ಕರ್ಧಕ್ಕೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ವೈನರಿ ಸುತ್ತತೊಡಗಿದೆ. ಊರಲ್ಲಿ ದೇವಸ್ಥಾನಕ್ಕೆ ಹೋಗುತ್ತೇವೆ ಎಂದು ಹೇಳುತ್ತಿದ್ದೆವು. ದಾರಿಯಲ್ಲಿ ಒಂದು ಗುಡಿಗೆ ಕೈ ಮುಗಿಯುತ್ತಿದ್ದುದರಿಂದ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅವಳ ಚೀಲದಲ್ಲಿ ಎರಡು ಸ್ಟೀಲ್ ಲೋಟ ಇರುತ್ತಿದ್ದವು. ಉದ್ದ ಕಾಲಿನ ಗ್ಲಾಸನ್ನು ಮುಟ್ಟುತ್ತಿರಲಿಲ್ಲ. ಒಂದು ಲೋಟಕ್ಕೆ ಬೊಟ್ಟು ವೈನ್ ಹಾಕಿಸಿಕೊಂಡು, ಮೂಸಿ, ಬಾಯಲ್ಲಿ ಆಡಿಸುತ್ತಿದ್ದಳು. ಚೆನ್ನಾಗಿದ್ದರೆ ಆ ಒಂದು ಗುಟುಕು ಒಳಕ್ಕೆ, ಇಲ್ಲದಿದ್ದರೆ ಇನ್ನೊಂದು ಲೋಟಕ್ಕೆ ಉಗಿಯುತ್ತಿದ್ದಳು. ಬೇರೆ ಮಾತೇ ಬೇಕಿರಲಿಲ್ಲ, ನಾನು ಎರಡನೆಯ ಲೋಟ ನೋಡಿದರೆ ಸಾಕಿತ್ತು.

ಮೊದಲ ಸಲ ವೈನರಿಯ ಸ್ಟೀಲ್ ಟ್ಯಾಂಕುಗಳನ್ನು ಕಂಡಾಗ ತವರುಮನೆಗೆ ಬಂದಷ್ಟು ಖುಷಿಪಟ್ಟಳು. ಹಾಲು ತಣ್ಣಗೆ ಮಾಡುವ ಕೇಂದ್ರದ ಹಾಗೆಯೇ ಇದೆಯೆಂದು ಟ್ಯಾಂಕು ತಟ್ಟಿ ನೋಡಿ, ಇದನ್ನು ಯಾವಾಗ ತೊಳೆದಿರಿ ಎಂದು ವಿಚಾರಿಸಿದಳು. ಕೌಂಟರಿನವನು ಹೊಗಳಿದ ಬಾಟಲಿಗಳನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದಳು. ಅಲ್ಲಿ ಕ್ರೇಟು ತೊಳೆಯುತ್ತಿದ್ದ ಹೆಂಗಸರ ಜೊತೆ ಕುಕ್ಕರಗಾಲಲ್ಲಿ ಕೂತು, ಎಲೆ ಅಡಿಕೆ ಕೊಟ್ಟು, ಹಬ್ಬಕ್ಕೆ ನೀವು ಮನೆಗೆ ಒಯ್ಯುವುದು ಯಾವುದು ಎಂದು ಕೇಳಿದಳು. ಅವರು ತೋರಿಸಿದ್ದು ಮಾಮೂಲಿ ಕಪ್ಪುದ್ರಾಕ್ಷಿಯದು, ತಿರುಪು ಮುಚ್ಚಳದ್ದು, ಬೆಲೆ ಎಲ್ಲಕ್ಕಿಂತ ಕಮ್ಮಿ. ಅತ್ತೆ ಗುಟುಕು ನುಂಗಿದಳು. "ಕ್ಯಾನಿನ ಮ್ಯಾಗ್ಳ ಹೂವ ನೋಡಬ್ಯಾಡ ಕಣ್ಲಾ, ಮುಚ್ಚಳ ಮೂಸು" ಎಂದು ನನಗೆ ಬುದ್ಧಿ ಹೇಳಿದಳು. ಇವತ್ತಿಗೂ ನನ್ನ ಹೋಟೆಲಿನಲ್ಲಿ ಹೆಚ್ಚು ಹೋಗುವುದು ಆ ಬಾಟಲಿಯೇ.

ಒಮ್ಮೆ ಅಪ್ಪನ ಕಣ್ಣು ತೋರಿಸಲು ಆದಿಚುಂಚನಗಿರಿಯ ಆಸ್ಪತ್ರೆಗೆ ಹೋಗಬೇಕಾಯಿತು. ಅಲ್ಲಿಂದ ಮುಂದೆ, ಬೆಂಗಳೂರು ಕಡೆಯ ದೊಡ್ಡ ವೈನರಿಯೊಂದನ್ನು ಅತ್ತೆಗೆ ತೋರಿಸುವ ಆಸೆ ನನಗೆ. ಎರಡೂ ಕೆಲಸ ಒಂದೇ ದಿನ ಇಟ್ಟುಕೊಂಡೆ, ಬೇಕೆಂದೇ. ಅಪ್ಪ ಮುಂದಿನ ಸೀಟಿನಲ್ಲಿ, ಅತ್ತೆ ಹಿಂದೆ. ನಾಗಮಂಗಲ ದಾಟಿದರೂ ಕಾರಿನಲ್ಲಿ ಮಾತಾಡಿದವನು ನಾನೊಬ್ಬನೇ. ಆಸ್ಪತ್ರೆಯಲ್ಲಿ ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕಿ ಕಳಿಸಿದರು, ಎದುರಿಗಿದ್ದದ್ದೆಲ್ಲ ಮಂಜು ಮಂಜು. ವೈನರಿಯ ಮೆಟ್ಟಿಲು ಹತ್ತುವಾಗ ಅತ್ತೆ ಹೋಗಿ ಅವನ ಮೊಣಕೈ ಹಿಡಿದಳು. ಬಳೆ ಸದ್ದಾಯಿತು. ಹಿಡಿದವರು ಯಾರೆಂದು ಅಪ್ಪ ಕೇಳಲಿಲ್ಲ.

ಒಳಗೆ ಟೈ ಕಟ್ಟಿದ ಮ್ಯಾನೇಜರು ತಮ್ಮಲ್ಲೇ ಅತಿ ದುಬಾರಿಯದೆಂದು ಒಂದು ಬಾಟಲಿಯ ಬೆಂಡಿನ ಬಿರಡೆ ಎಳೆದ. ಅದರಲ್ಲಿ ಕಾಡುಹಣ್ಣಿನ ಪರಿಮಳವಿದೆ, ಏಲಕ್ಕಿಯದಿದೆ ಎಂದು ವಿವರಿಸಿದ. ಅತ್ತೆ ಬಿರಡೆ ಮೂಸಿ, ವೈನನ್ನು ಬಾಯಿಗೂ ಹಾಕಿಕೊಳ್ಳದೆ, ಒದ್ದೆ ಗೋಣಿಚೀಲದ ವಾಸನೆ ಎಂದು ಮೆಲ್ಲಗೆ ಹೇಳಿದಳು. ಅವನು ನಕ್ಕ. ಇದು ಇರುವುದೇ ಹೀಗೆ, ಅಭ್ಯಾಸವಿಲ್ಲದವರಿಗೆ ಹಾಗನ್ನಿಸುತ್ತದೆ ಅಮ್ಮ, ಅಂದ. ಬೇರೆ ದಿನವಾಗಿದ್ದರೆ ಅತ್ತೆ ಅವನ ನೀರಿಳಿಸುತ್ತಿದ್ದಳು. ಅವತ್ತು ಪಕ್ಕದಲ್ಲಿ ಅಣ್ಣ ಕೂತಿದ್ದ. ಹಿಂದೊಮ್ಮೆ ನಾಲ್ಕು ಜನರೆದುರು ಮೂಗಿನ ಮಾತು ಆಡಿಯೇ ಅವಳು ಅವನನ್ನು ಕಳೆದುಕೊಂಡಿದ್ದಳು. ಲೋಟಗಳನ್ನು ಚೀಲಕ್ಕೆ ಹಾಕಿಕೊಂಡು, "ಓಗ್ಲಿ ಬುಡು ಮಗ" ಎಂದು ಎದ್ದಳು.

ಆಗ ಅಪ್ಪ, ಮಂಜಾದ ಕಣ್ಣನ್ನು ಮ್ಯಾನೇಜರು ಇದ್ದ ದಿಕ್ಕಿಗೆ ಅಂದಾಜಿನಲ್ಲಿ ತಿರುಗಿಸಿ, "ಕೂತ್ಕೊ ಚಿಕ್ಕತಾಯಿ" ಅಂದ. ಹನ್ನೊಂದು ವರ್ಷದ ಮೇಲೆ ಬಂದ ಹೆಸರು. ಆಮೇಲೆ ಆ ಟೈ ಕಟ್ಟಿದ ಹುಡುಗನಿಗೆ ಹೇಳಿದ: "ಇವ್ಳು ಒಡುಟ್ಟಿದ್ ಅಣ್ಣನ ಆಲ್ನೇ ವಾಪಸ್ ಕಳ್ಸ್ದೋಳು ಕಣಪ್ಪ. ಅವತ್ತು ಮುಚ್ಚಳ ತೊಳ್ದಿರ್ನಿಲ್ಲ ನಾನು. ನಿನ್ ಬಾಟ್ಲಿಗೆ ಯಾಕ್ ಸುಳ್ಳೇಳಾಳು? ಇನ್ನೊಂದ್ ತಗಿ."

ಮ್ಯಾನೇಜರು ಬಿರಡೆಯನ್ನು ತಾನೇ ಮೂಸಿದ. ಮುಖ ಸ್ವಲ್ಪ ಚಿಕ್ಕದಾಯಿತು. ಅದೇ ಜಾತಿಯ ಇನ್ನೊಂದು ಬಾಟಲಿ ತೆರೆದು ಎರಡನ್ನೂ ಹೋಲಿಸಿ ನೋಡಿ, ಮೊದಲನೆಯದರ ಬೆಂಡು ಕೆಟ್ಟು ವೈನಿಗೂ ವಾಸನೆ ಹತ್ತಿದೆಯೆಂದು ಒಪ್ಪಿಕೊಂಡು ಕ್ಷಮೆ ಕೇಳಿದ. ಅತ್ತೆಗೆ ಅದು ಕೇಳಿಸಿತೋ ಇಲ್ಲವೋ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಹಿಂದಿರುಗುವಾಗ ಅಪ್ಪ ಯಾರೂ ಹೇಳದೆಯೇ ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತ. ಇಬ್ಬರೂ ಹೆಚ್ಚು ಮಾತಾಡಲಿಲ್ಲ, ಯಾರ ಎಮ್ಮೆ ಈದಿದೆ, ಚೀಲದಲ್ಲಿ ಎರಡನೆಯ ಲೋಟ ಯಾತಕ್ಕೆ ಎಂಬಂಥ ವಿಷಯ ಅಷ್ಟೆ. ನನಗೆ ಮಾತ್ರ ಕಾರು ಓಡಿಸುವುದು ಕಷ್ಟವಾಯಿತು, ಅಷ್ಟು ಸಂತೋಷವಾಗಿತ್ತು. ಮಾರನೆಯ ಬೆಳಿಗ್ಗೆ ಅಪ್ಪ ನಮ್ಮೂರಿನ ಡೇರಿಗೇ ಹಾಲು ಹಾಕಿದ. ಅತ್ತೆ ಕೆಲಸವಿಲ್ಲದಿದ್ದರೂ ಅಲ್ಲಿಗೆ ಹೋಗಿ ಮುಚ್ಚಳ ಮೂಸಿದಳಂತೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಮಾರ್ನಮಿಗೆ ಮುಂಚಿನ ಪಿತೃಪಕ್ಷದಲ್ಲಿ ಅವಳಿಗೆ ಎಡೆ ಇಡುವ ಪಾಲು ನಮ್ಮ ಮನೆಗೆ ಬಂತು. ತೀರಿಕೊಂಡವರು ಇಷ್ಟಪಟ್ಟಿದ್ದನ್ನೆಲ್ಲ ಎಲೆಗೆ ಬಡಿಸಿ, ಅವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಕೋಣೆಯ ಬಾಗಿಲು ಮುಚ್ಚುವುದು ನಮ್ಮ ಪದ್ಧತಿ. ತಾತನ ಎಡೆಯಲ್ಲಿ ಬೀಡಿಕಟ್ಟು, ಬ್ರಾಂದಿ ಎಂದಿನಂತೆ ಇದ್ದವು. ಅಪ್ಪ ನನ್ನಿಂದ ಆ ಕ್ರೇಟು ತೊಳೆಯುವವರ ವೈನನ್ನೇ ತರಿಸಿದ್ದ. ತಿರುಪು ಬಿಚ್ಚಿ, ಮುಚ್ಚಳದ ಒಳಮೈ ಮೂಸಿ, ಅತ್ತೆಯ ಸ್ಟೀಲ್ ಲೋಟಕ್ಕೆ ಬೊಟ್ಟು ಬಗ್ಗಿಸಿದ. ಪಕ್ಕದಲ್ಲಿ ಅವಳ ಇನ್ನೊಂದು ಲೋಟವನ್ನು ಖಾಲಿಯಾಗಿಯೇ ಇಟ್ಟ. ಅಮ್ಮ ಇದೇಕೆ ಎಂದಳು. ಅವನು ಬಾಗಿಲೆಳೆದ.

ಬಾಗಿಲು ತೆಗೆದಾಗ ಎಲ್ಲರೂ ಕೈ ಮುಗಿದು ನಿಂತೆವು. ಅಪ್ಪ ಮಾತ್ರ ಬಗ್ಗಿ ಆ ಖಾಲಿ ಲೋಟವನ್ನು ಎತ್ತಿ, ಬೆಳಕಿಗೆ ಹಿಡಿದು ಒಳಗೆ ನೋಡಿದ.

"ಉಗ್ದಿಲ್ಲ ಕಣ್ಲಾ" ಅಂದ ನನ್ನ ಕಡೆ ತಿರುಗಿ. "ಒಪ್ಕೊಂಡವ್ಳೆ."